ನಿಮಗಿದು ಗೊತ್ತೆ? ಬ್ರೇಕ್‌ನಿಂದ ಹೊಗೆ ಏಳುತ್ತಿದ್ದ ಪಂದ್ಯ

ಮೌಂಟನ್ ಬೈಕ್ ಪಂದ್ಯವನ್ನು ಬೆಳೆಸಿದವರು ಹವ್ಯಾಸಿಗಳು. ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯಲ್ಲಿ ವೆಲೊ ಕ್ಲಬ್ ಟಮಲ್ಪಾಯಿಸ್ ಎಂಬ ಸೈಕ್ಲಿಂಗ್ ತಂಡವಿತ್ತು. ರಸ್ತೆ ಪಂದ್ಯಗಳಿಗೆ ಒಟ್ಟಿಗೆ ತಾಲೀಮು ಮಾಡುತ್ತಿದ್ದ ಅದರ ಕೆಲವು ಸದಸ್ಯರು, ದಪ್ಪ ಟೈರಿನ ಹಳೆಯ ಸೈಕಲ್‌ಗಳನ್ನು ಗುಡ್ಡಕ್ಕೆ ಒಯ್ಯತೊಡಗಿದರು. 1976ರ ಅಕ್ಟೋಬರ್ 21ರಂದು ಫೇರ್‌ಫ್ಯಾಕ್ಸ್ ಊರಿನ ಬಳಿ ‘ರಿಪ್ಯಾಕ್’ ಪಂದ್ಯ ಶುರುವಾಯಿತು.

ಸುಮಾರು 3.4 ಕಿ.ಮೀ. ಕಚ್ಚಾ ದಾರಿ, 400 ಮೀಟರ್‌ನಷ್ಟು ಇಳಿತ! ಆ ಸೈಕಲ್‌ಗಳಲ್ಲಿದ್ದುದು ಪೆಡಲನ್ನು ಹಿಂದಕ್ಕೆ ತುಳಿದರೆ ಹಿಡಿಯುವ ಬ್ರೇಕ್. ಕೆಳಗೆ ಮುಟ್ಟುವಷ್ಟರಲ್ಲಿ ಹಿಂದಿನ ಚಕ್ರದ ಹಬ್ ಕಾದು, ಒಳಗಿನ ಗ್ರೀಸ್ ಹೊಗೆಯಾಗಿ ಹೋಗುತ್ತಿತ್ತು. ಹಬ್ ಬಿಚ್ಚಿ ಹೊಸ ಗ್ರೀಸ್ ತುಂಬಿದ ಮೇಲೆಯೇ ಮುಂದಿನ ಸವಾರಿ. ಪಂದ್ಯಕ್ಕೆ ‘ರಿಪ್ಯಾಕ್’, ಅಂದರೆ ‘ಮತ್ತೆ ತುಂಬು’, ಎಂಬ ಹೆಸರು ಬಂದದ್ದೂ ಇದರಿಂದಲೇ. ಚಾರ್ಲಿ ಕೆಲ್ಲಿ ಪಂದ್ಯ ನಡೆಸುತ್ತಿದ್ದರು. ಸವಾರರು ಒಬ್ಬರ ಹಿಂದೆ ಒಬ್ಬರಂತೆ ಅಂತರ ಬಿಟ್ಟು ಹೊರಡುತ್ತಿದ್ದರು. ಗ್ಯಾರಿ ಫಿಶರ್ 4 ನಿಮಿಷ 22 ಸೆಕೆಂಡಿನಲ್ಲಿ ಇಳಿದದ್ದು ಅಲ್ಲಿನ ದಾಖಲೆ. ಕಲ್ಲು, ಕೊರಕಲು, ಕಡಿದಾದ ತಿರುವುಗಳ ನಡುವೆ, ಅಂಥ ಬ್ರೇಕ್ ನಂಬಿ ಇಳಿದ ಆ ಸವಾರರ ಎದೆಗಾರಿಕೆ ದೊಡ್ಡದು.

ಹಳೆಯ ಸೈಕಲ್ ಈ ಹೊಡೆತ ತಾಳದೆ ಮುರಿಯುತ್ತಿದ್ದುದರಿಂದ, ಅದೇ ಗೆಳೆಯರ ಗುಂಪಿನ ಜೋ ಬ್ರೀಜ್ 1977ರಲ್ಲಿ ಗುಡ್ಡಗಾಡಿಗೆಂದೇ ಹೊಸ ಚೌಕಟ್ಟು ಕಟ್ಟಿದರು. ಹೀಗೆ ಹವ್ಯಾಸಿಗಳು ಬೆಳೆಸಿದ ಆಟ ಮುಂದೆ ಒಲಿಂಪಿಕ್ಸ್‌ವರೆಗೂ ಹೋಯಿತು: 1996ರ ಅಟ್ಲಾಂಟಾ ಕೂಟದಲ್ಲಿ ಕ್ರಾಸ್ ಕಂಟ್ರಿ ಮೌಂಟನ್ ಬೈಕ್ ಸ್ಪರ್ಧೆಗೆ ಪದಕವೂ ಬಂತು, ಪುರುಷರಿಗೂ ಮಹಿಳೆಯರಿಗೂ.