ಅರಿಸಮಾಸವೋ, ಕೂಡಲೋ?

ತಿರುಮಕೂಡಲು ನರಸೀಪುರದ ಕಾಲೇಜಿನಲ್ಲಿ ಮೊನ್ನೆ ಅರಿಸಮಾಸದ ಪಾಠ ಹೇಳುತ್ತಿದ್ದೆ. ಕನ್ನಡ ಪದವನ್ನೂ ಸಂಸ್ಕೃತ ಪದವನ್ನೂ ಬೆಸೆದು ಸಮಾಸ ಮಾಡುವುದು ದೋಷವೆಂಬುದು ಲಾಕ್ಷಣಿಕರ ಮತ. ಆದರೂ ಬಿರುದಾವಳಿ ಮೊದಲಾದ ಕಡೆಗಳಲ್ಲಿ ಅದು ಸಲ್ಲುವುದೆಂದು ಕೇಶಿರಾಜನೇ ವಿನಾಯಿತಿ ಕೊಟ್ಟಿದ್ದಾನೆ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, ‘ಸಾರ್, ಹಾಗಾದರೆ ಹೈಬ್ರಿಡ್ ಕಾರೂ ಅರಿಸಮಾಸವೇ?’ ಎಂದ. ತರಗತಿಯೆಲ್ಲ ನಕ್ಕಿತು, ನಾನೂ ನಕ್ಕೆ. ಪ್ರಶ್ನೆ ಮಾತ್ರ ನನ್ನೊಡನೆ ನಂಜನಗೂಡಿನ ಮನೆಯವರೆಗೆ ಬಂದಿತು.

ಹೈಬ್ರಿಡ್ ಎಂಬ ಮಾತು ನಮ್ಮ ಸೀಮೆಗೆ ಹೊಸದೇನೂ ಅಲ್ಲ. ಜೋಳಕ್ಕೆ, ಟೊಮ್ಯಾಟೊಗೆ ಅದು ಎಂದೋ ಅಂಟಿಕೊಂಡಿದೆ. ಇಳುವರಿಗೆ ಹೈಬ್ರಿಡ್, ನಾಲಗೆಗೆ ನಾಟಿ ಎನ್ನುವವರು ನಾವು. ಆದುದರಿಂದ ಸಹೋದ್ಯೋಗಿ ಮಿತ್ರರೊಬ್ಬರು ಇಂತಹ ಕಾರು ಕೊಂಡಾಗ ನನಗೆ ಸ್ವಲ್ಪ ಅನುಮಾನವೇ ಇತ್ತು. ದೊಡ್ಡ ಜಾತ್ರೆಯ ಹಿಂದಿನ ದಿನ ಅವರು ನನ್ನನ್ನು ಅದರಲ್ಲಿ ಕೂರಿಸಿಕೊಂಡು ನಂಜನಗೂಡಿಗೆ ಬಂದರು. ಬಯಲು ದಾರಿಯಲ್ಲಿ ಪೆಟ್ರೋಲು ಯಂತ್ರ ದುಡಿಯಿತು. ರಥಬೀದಿಯ ಜನಸಂದಣಿಯಲ್ಲಿ ಅದು ಮೌನ ತಾಳಿತು. ವಿದ್ಯುತ್ ಮೋಟಾರು ಸದ್ದಿಲ್ಲದೆ ಗಾಡಿಯನ್ನೆಳೆಯಿತು. ಬ್ರೇಕು ಒತ್ತಿದಾಗಲೆಲ್ಲ ಆ ಮೋಟಾರೇ ಡೈನಮೊ ಆಗಿ, ಬಿಸಿಯಾಗಿ ವ್ಯರ್ಥವಾಗತಕ್ಕ ಶಕ್ತಿಯ ಒಂದು ಪಾಲನ್ನು ಬ್ಯಾಟರಿಗೆ ಹಿಂತಿರುಗಿಸುತ್ತದೆ. ಸಂಗಮದಲ್ಲಿ ಕಾವೇರಿ, ಕಪಿಲೆಯರು ಕಣ್ಣಿಗೆ ಕಾಣುತ್ತಾರೆ. ಸ್ಫಟಿಕ ಸರೋವರ ಕಾಣದೆಯೇ ಕೂಡಿಕೊಂಡಿದೆ ಎಂಬ ಐತಿಹ್ಯ ನೆನಪಾಯಿತು.

ಪೂರ್ಣ ವಿದ್ಯುತ್ತಿನ ಕಾರೂ ನಮಗೆ ಅಪರಿಚಿತವಲ್ಲ. 2001ರಲ್ಲಿಯೇ ಬೆಂಗಳೂರಿನಲ್ಲಿ ‘ರೇವಾ’ ರಸ್ತೆಗಿಳಿಯಿತು. 2017ರಲ್ಲಿ ವಿದ್ಯುತ್ ವಾಹನಗಳಿಗೆಂದೇ ನೀತಿಯೊಂದನ್ನು ದೇಶದಲ್ಲಿ ಮೊದಲು ರೂಪಿಸಿದ್ದು ಕರ್ನಾಟಕವೇ. ಮುಂದಿನ ಕಾಲ ಇಂತಹ ವಾಹನಗಳದೇ ಎಂಬುದರಲ್ಲಿ ನನಗೆ ಸಂದೇಹವಿಲ್ಲ. ಆ ಕಾಲ ಯಾರ ಮನೆ ಬಾಗಿಲಿಗೆ ಮೊದಲು ಬರುತ್ತದೆ ಎಂಬುದಷ್ಟೇ ನನ್ನ ಚಿಂತೆ.

ನಮ್ಮ ಸಂಗಮವನ್ನು ದಾಟಿ ತಲಕಾಡಿನ ಕಡೆಗೆ ಹರಿದ ನೀರೇ ಶಿವನಸಮುದ್ರದಲ್ಲಿ ಧುಮುಕಿ 1902ರಲ್ಲಿ ವಿದ್ಯುಚ್ಛಕ್ತಿಯಾಯಿತು. ಆ ಶಕ್ತಿ ಮೊದಲು ಹೋದದ್ದು ಸುಮಾರು 147 ಕಿಲೋಮೀಟರು ದೂರದ ಕೋಲಾರದ ಚಿನ್ನದ ಗಣಿಗಳಿಗೆ. 1905ರಲ್ಲಿ ಬೆಂಗಳೂರಿನ ಬೀದಿದೀಪಗಳಿಗೆ. ನೀರು ಹಾಯ್ದ ದಡದ ಹಳ್ಳಿಗಳು ಹರಳೆಣ್ಣೆಯ ದೀಪದಲ್ಲಿಯೇ ಕಾದವು. ಕಾರಿಗೆ ವಿದ್ಯುತ್ ತುಂಬುವ ಕೇಂದ್ರಗಳೂ ಹೆದ್ದಾರಿಗಳ ಪಕ್ಕದಲ್ಲಿಯೇ ಬೆಳೆದು, ಒಳದಾರಿಗಳನ್ನು ಮರೆತರೆ ಹಳೆಯ ಕಥೆಯೇ ಮರುಕಳಿಸಿದಂತಾಗುತ್ತದೆ.

ಪ್ರಶ್ನೆ ಕೇಳಿದ ಹುಡುಗ ಬೆಳಗಿನ ತರಗತಿಗೆ ನಿದ್ದೆಗಣ್ಣಿನಲ್ಲಿಯೇ ಬರುವವನು. ರಾತ್ರಿ ಕರೆಂಟು ಬಂದಾಗ ಎದ್ದು ಪಂಪ್‌ಸೆಟ್ಟು ಹಾಕಿ ತೋಟಕ್ಕೆ ನೀರು ಹಾಯಿಸುವುದು ಅವನ ಪಾಲಿನ ಕೆಲಸ. ಅವನ ಪಂಪಿಗೂ ನನ್ನ ಮಿತ್ರರ ಕಾರಿಗೂ ಒಂದೇ ತಂತಿ ಉಣಿಸಬೇಕಾದ ದಿನ ದೂರವಿಲ್ಲ. ಆ ತಂತಿಗೆ ಅಷ್ಟು ಬಲ ಬರುವವರೆಗೆ ತನ್ನ ಬ್ಯಾಟರಿಯನ್ನು ತಾನೇ ತುಂಬಿಕೊಳ್ಳುವ ಹೈಬ್ರಿಡ್, ಕೇಶಿರಾಜನ ವಿನಾಯಿತಿಯಂತೆ ಸಲ್ಲಲಿ.

ಸೋಮವಾರ ಅವನಿಗೆ ಉತ್ತರ ಹೇಳಬೇಕು: ‘ಇಲ್ಲಿ ಅರಿಗಳಾರೂ ಇಲ್ಲಪ್ಪ. ಇದಕ್ಕೆ ತಕ್ಕ ಮಾತು ನಿನ್ನ ಊರಿನ ಹೆಸರಿನಲ್ಲಿಯೇ ಇದೆ, ಕೂಡಲು.’ ಅಷ್ಟು ಹೊತ್ತು ಅವನು ಎಚ್ಚರವಾಗಿದ್ದರೆ.