ಡೆತ್ ವ್ಯಾಲಿಯ ಗಿಡಗಳೂ ನೆಲದಡಿಯ ಉಪ್ಪುನೀರೂ

ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಡೆತ್ ವ್ಯಾಲಿಯಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 50ರಿಂದ 60 ಮಿಲಿಮೀಟರ್ ಮಾತ್ರ. ಆದರೂ ಅಲ್ಲಿ ಯಾವ ಗಿಡ ಎಲ್ಲಿ ಬೇರೂರಬೇಕೆಂಬುದು ಮಳೆಗಿಂತ ಹೆಚ್ಚಾಗಿ ನೆಲದ ಗುಣವನ್ನೂ ಅದರಡಿಯ ನೀರಿನ ಉಪ್ಪನ್ನೂ ಅವಲಂಬಿಸಿದೆ. ಸಮುದ್ರಮಟ್ಟಕ್ಕಿಂತ 86 ಮೀಟರ್ ಕೆಳಗಿಳಿಯುವ ಈ ಕಣಿವೆಯಿಂದ ನೀರು ಹೊರಹರಿಯಲು ದಾರಿಯಿಲ್ಲದ ಕಾರಣ, ಸುತ್ತಲಿನ ಬೆಟ್ಟಗಳ ಲವಣಗಳನ್ನು ಕರಗಿಸಿಕೊಂಡು ಬಂದ ನೀರು ತಳದಲ್ಲೇ ಆವಿಯಾಗಿ, ಲವಣಗಳಷ್ಟೇ ಉಳಿಯುತ್ತವೆ. ಸುಲಭವಾಗಿ ಕರಗದ ಕಾರ್ಬೊನೇಟ್‌ಗಳು ಅಂಚಿನಲ್ಲೇ ತಂಗಿದರೆ, ಜಿಪ್ಸಮ್‌ನಂಥ ಸಲ್ಫೇಟ್‌ಗಳು ಅದರ ಒಳಪಟ್ಟಿಯಲ್ಲಿಯೂ, ಎಲ್ಲಕ್ಕಿಂತ ಚೆನ್ನಾಗಿ ಕರಗುವ ಅಡುಗೆ ಉಪ್ಪು ನಟ್ಟನಡುವೆಯೂ ಸೇರುತ್ತವೆ. ಆ ನಡುಬಯಲಿನಲ್ಲಿ ಹುಲ್ಲುಕಡ್ಡಿಯೂ ಹುಟ್ಟುವುದಿಲ್ಲ.

ಬಯಲಿನ ಅಂಚಿನಲ್ಲಿ ಬದುಕುವವು ಮಳೆಯನ್ನು ನಂಬದೆ ಅಂತರ್ಜಲಕ್ಕೇ ಬೇರಿಳಿಸುವ ಗಿಡಗಳು. ಬೇರು ನೀರು ಹೀರಬೇಕಾದರೆ ಅದರ ಜೀವಕೋಶಗಳೊಳಗಿನ ರಸವು ಹೊರಗಿನ ನೀರಿಗಿಂತ ಸಾಂದ್ರವಾಗಿರಬೇಕು. ಹೊರಗಿನ ನೀರೇ ಹೆಚ್ಚು ಉಪ್ಪಾಗಿದ್ದರೆ, ಬುಡದಲ್ಲಿ ಎಷ್ಟು ತೇವವಿದ್ದರೂ ಗಿಡ ಒಣಗಿಹೋಗುತ್ತದೆ. ಭೂವಿಜ್ಞಾನಿ ಚಾರ್ಲ್ಸ್ ಹಂಟ್ 1966ರಲ್ಲಿ ಪ್ರಕಟಿಸಿದ ಅಧ್ಯಯನವು ಈ ಗಿಡಗಳ ನೆಲೆಯನ್ನು ಅಂತರ್ಜಲದ ಉಪ್ಪಿನೊಂದಿಗೆ ಹೊಂದಿಸಿ ತೋರಿಸಿತು. ರಸತುಂಬಿದ ಗಿಣ್ಣುಗಿಣ್ಣಾದ ಕಾಂಡದ ಪಿಕಲ್‌ವೀಡ್ ಸುಮಾರು ಶೇಕಡ 6ರಷ್ಟು ಉಪ್ಪನ್ನು ತಾಳಿಕೊಂಡು ಉಪ್ಪುಬಯಲಿಗೆ ತೀರ ಹತ್ತಿರ ನಿಲ್ಲುತ್ತದೆ. ಮೆಸ್ಕೀಟ್ ಮರಕ್ಕಾದರೋ ಶೇಕಡ ಅರ್ಧದಷ್ಟೇ ಮಿತಿ, ಹೀಗಾಗಿ ಅದು ಬಯಲಿನಿಂದ ದೂರ ಸರಿದಿದೆ. ಕರ್ನಾಟಕದ ಒಣನಾಡಿನ ಬಳ್ಳಾರಿ ಜಾಲಿಯು ಇದೇ ಮೆಸ್ಕೀಟ್ ಬಳಗದ್ದು. ಕಣಿವೆಯ ಮೂಲನಿವಾಸಿಗಳಾದ ಟಿಂಬಿಷಾ ಶೊಷೋನಿ ಜನರು ಮೆಸ್ಕೀಟ್ ಕಾಯಿಗಳನ್ನು ಕುಟ್ಟಿ ಹಿಟ್ಟು ಮಾಡಿ ಉಣ್ಣುತ್ತಿದ್ದರು ಎಂಬುದನ್ನು ನೆನೆದರೆ, ಈ ಮರಗಳ ಸಾಲು ಅವರ ಪಾಲಿಗೆ ಎಷ್ಟು ಮುಖ್ಯವಾಗಿತ್ತೆಂಬುದು ಅರ್ಥವಾಗುತ್ತದೆ.

ಬೆಟ್ಟದ ಕೊರಕಲುಗಳ ಬಾಯಲ್ಲಿ ಪ್ರವಾಹಗಳು ಹರಡಿದ ಜಲ್ಲಿಯ ಇಳಿಜಾರುಗಳಲ್ಲಿ ಅಂತರ್ಜಲ ಬೇರಿಗೆ ನಿಲುಕದಷ್ಟು ಆಳಕ್ಕಿಳಿದಿರುವುದರಿಂದ, ಅಲ್ಲಿನ ಪೊದೆಗಳು ಮಳೆಯ ತೇವವನ್ನೇ ನೆಚ್ಚಿವೆ. ಕೆಳ ಇಳಿಜಾರಿನಲ್ಲಿ ಡೆಸರ್ಟ್ ಹಾಲಿ ಬೆಳೆಯುತ್ತದೆ. ಅದರ ಎಲೆಯ ಮೇಲಿನ ಸಣ್ಣ ಚೀಲದಂಥ ರೋಮಗಳು ಹೆಚ್ಚಿನ ಉಪ್ಪನ್ನು ತುಂಬಿಕೊಳ್ಳುವುದಲ್ಲದೆ, ಎಲೆಗೆ ಬೆಳ್ಳಿಬಣ್ಣ ಕೊಟ್ಟು ಬಿಸಿಲನ್ನೂ ಹಿಂದಕ್ಕೆಸೆಯುತ್ತವೆ. ಉಪ್ಪು ಕಡಿಮೆಯಿರುವ ಮೇಲಿನ ಜಲ್ಲಿಯಲ್ಲಿ ಕ್ರಿಯೊಸೋಟ್ ಪೊದೆಯದೇ ಮೇಲುಗೈ.

ಆದರೆ ಎಲ್ಲಕ್ಕಿಂತ ಸೋಜಿಗದ ನೆಲವೆಂದರೆ ಹಳೆಯ ಇಳಿಜಾರುಗಳ ಮೇಲೆ ಕಲ್ಲುಗಳು ಒತ್ತೊತ್ತಾಗಿ ಕೂತು ಉಂಟಾದ ಮರುಭೂಮಿಯ ಕಲ್ಲುಹಾಸು. ಕಲ್ಲುಗಳಡಿಯ ನಯವಾದ ಹೂಳುಮಣ್ಣು ನೀರನ್ನು ಬೇಗ ಇಂಗಗೊಡದ ಕಾರಣ ಮಳೆ ಮೇಲಿಂದಲೇ ಜಾರಿಹೋಗುತ್ತದೆ, ಮಣ್ಣಿನ ಉಪ್ಪೂ ತೊಳೆದುಹೋಗುವುದಿಲ್ಲ. ಹೀಗೆ ಕಲ್ಲುಹಾಸು ಬಹುಮಟ್ಟಿಗೆ ಬೋಳಾಗಿದ್ದರೆ, ಅದರ ಪಕ್ಕದಲ್ಲೇ ಹಾಯ್ದ ಸಣ್ಣ ಕೊರಕಲುಗಳು ಅಷ್ಟೇ ಮಳೆಯ ಜೊತೆಗೆ ಕಲ್ಲುಹಾಸಿನಿಂದ ಜಾರಿಬಂದ ನೀರನ್ನೂ ಸಡಿಲ ಜಲ್ಲಿಯಲ್ಲಿ ಇಂಗಿಸಿಕೊಂಡು ಪೊದೆಗಳಿಗೆ ನೆಲೆ ಕೊಡುತ್ತವೆ.