ಗುಡ್ಡ ಹತ್ತುವ ಮುದಿ ಕಾರುಗಳು

ನಿಯಮ ಒಂದೇ: ನಿಲ್ಲಬಾರದು.

ಕೆಸರು ತುಂಬಿದ, ಮರದ ಬೇರುಗಳು ಎದ್ದುನಿಂತ, ನಡೆದು ಹತ್ತಿದರೂ ಏದುಸಿರು ಬರುವಂಥ ಕಾಡುದಾರಿ. ದಾರಿಯ ಅಂಚಿಗೆ ಅಲ್ಲಲ್ಲಿ ಗೂಟಗಳು, ಒಂದೊಂದಕ್ಕೂ ಒಂದು ಅಂಕಿ. ಮೇಲೇರಿದಂತೆ ಅಂಕಿಯೂ ಏರುತ್ತದೆ. ಬುಡದಲ್ಲಿ 1920ರ ದಶಕದ ಆಸ್ಟಿನ್ ಸೆವೆನ್ ಒಂದು ಗುರುಗುಡುತ್ತಿದೆ. ಚಾಲಕ ಕ್ಲಚ್ ಬಿಟ್ಟದ್ದೇ ತಡ, ಪಕ್ಕದಲ್ಲೂ ಹಿಂದೆಯೂ ಕೂತವರು ಆಸನದ ಮೇಲೆ ಕುಪ್ಪಳಿಸತೊಡಗುತ್ತಾರೆ. ಉಳುಮೆಯಾದ ಹೊಲದಲ್ಲಿ ಕೊರಡು ಎಳೆಸುವಾಗ ಭಾರಕ್ಕೆಂದು ಹುಡುಗರನ್ನು ಅದರ ಮೇಲೆ ಕೂರಿಸುತ್ತಾರಲ್ಲ, ಲೆಕ್ಕಾಚಾರ ಅದೇ. ಹಿಂದಿನ ಚಕ್ರಗಳ ಮೇಲೆ ಭಾರ ಬೀಳಬೇಕು, ಟೈರು ನೆಲ ಕಚ್ಚಬೇಕು. ಚಕ್ರ ಕೆಸರೆರಚುತ್ತ ತಿರುಗುತ್ತದೆ, ಕಾರು ತೆವಳುತ್ತದೆ, ಒಂದೊಂದೇ ಗೂಟ ದಾಟುತ್ತದೆ, ಅರ್ಧದಲ್ಲಿ ನಿಂತೇಬಿಡುತ್ತದೆ. ಬದಿಯಲ್ಲಿ ರಟ್ಟು ಹಿಡಿದು ನಿಂತ ಸ್ವಯಂಸೇವಕ ಅಂಕ ಬರೆದುಕೊಳ್ಳುತ್ತಾನೆ. ಕಾರು ಹಿಂದಕ್ಕೆ ಜಾರಿಕೊಂಡು ಇಳಿಯುತ್ತದೆ. ಮುಂದಿನದು ಬರಲಿ.

ಬ್ರಿಟನ್ನಿನಲ್ಲಿ ಇದನ್ನು ಟ್ರಯಲ್ ಎನ್ನುತ್ತಾರೆ. ರೇಸ್ ಅಲ್ಲ, ವೇಗಕ್ಕೆ ಇಲ್ಲಿ ಹೆಚ್ಚಿನ ಬೆಲೆಯಿಲ್ಲ. ಎಷ್ಟು ಎತ್ತರಕ್ಕೆ ಹೋದಿರಿ ಎಂಬುದಷ್ಟೇ ಪ್ರಶ್ನೆ. ಕೆಲವು ಗುಡ್ಡಗಳಲ್ಲಿ ಇನ್ನೊಂದು ಚಿತ್ರಹಿಂಸೆಯೂ ಇದೆ: ಏರಿನ ನಡುವೆ ಗೆರೆ ಎಳೆದಿರುತ್ತಾರೆ, ಅಲ್ಲಿ ಬೇಕೆಂದೇ ನಿಲ್ಲಿಸಿ, ಒಂದಂಗುಲವೂ ಹಿಂದೆ ಜಾರದಂತೆ ಮತ್ತೆ ಹೊರಡಬೇಕು. ನಾಲ್ಕೂ ಚಕ್ರಕ್ಕೆ ಶಕ್ತಿ ಹರಿಸುವ ಇಂದಿನ ವಾಹನಕ್ಕೆ ಇದು ದೊಡ್ಡ ಮಾತಲ್ಲ. ಹಿಂದಿನ ಎರಡೇ ಚಕ್ರ ನಂಬಿಕೊಂಡ, ಸೈಕಲ್ಲಿನಂಥ ಸಪೂರ ಟೈರುಗಳ, ನೂರರ ಹತ್ತಿರದ ಪ್ರಾಯದ ಕಾರಿಗೆ ದೊಡ್ಡ ಮಾತೇ.

ಹಳೆಯ ಕಾರುಗಳಿಗೆ ನಾವು ಕೊಟ್ಟಿರುವ ಜಾಗ ಬೇರೆ. ಧರ್ಮಸ್ಥಳದ ಮಂಜೂಷಾ ಸಂಗ್ರಹಾಲಯಕ್ಕೆ ಹೋದವರು ಅಲ್ಲಿ ಸಾಲಾಗಿ ನಿಂತ ಹಳೆಯ ಕಾರುಗಳ ಮುಂದೆ ಬಾಯಿಬಿಟ್ಟು ನಿಲ್ಲುತ್ತಾರೆ. ಬೆಂಗಳೂರಿನಲ್ಲಿ ಆಗೀಗ ನಡೆಯುವ ವಿಂಟೇಜ್ ಮೆರವಣಿಗೆಯಲ್ಲಿ ಮಾಲೀಕರು ಪೇಟ ಸುತ್ತಿಕೊಂಡು, ಹಿತ್ತಾಳೆ ಹಾರ್ನ್ ಒತ್ತುತ್ತ, ಡಾಂಬರಿನ ಮೇಲೆ ನಾಲ್ಕು ಸುತ್ತು ಹೊಡೆದು, ಮತ್ತೆ ಹೊದಿಕೆ ಹೊದಿಸಿ ಮಲಗಿಸುತ್ತಾರೆ. ಅಮೆರಿಕದ ಪೆಬಲ್ ಬೀಚ್‌ನಲ್ಲಿ 1950ರಿಂದ ನಡೆಯುತ್ತಿರುವ ಪ್ರದರ್ಶನ ಈ ಸಂಪ್ರದಾಯದ ತುತ್ತತುದಿ. ಅಲ್ಲಿ ಗಾಲ್ಫ್ ಮೈದಾನದ ಹುಲ್ಲಿನ ಮೇಲೆ ನಿಂತ ಕಾರುಗಳ ಹೊಳಪನ್ನೂ ನಿಖರತೆಯನ್ನೂ ತೀರ್ಪುಗಾರರು ಬಾಗಿ ನೋಡಿ ಅಂಕ ಕೊಡುತ್ತಾರೆ. ಇಂಥದ್ದನ್ನು ಕಂಡು ಬೆಳೆದ ಕಣ್ಣಿಗೆ ಕೆಸರಿನಲ್ಲಿ ಹೊರಳಾಡುವ ಆಸ್ಟಿನ್ ಕಂಡರೆ ಹೊಟ್ಟೆ ಚುರ್ ಎನ್ನುವುದು ಸಹಜ. ಆದರೆ ಈ ಕಾರುಗಳು ಹುಟ್ಟಿದ ಕಾಲದ ರಸ್ತೆ ಹೇಗಿತ್ತೆಂದು ನೋಡಿದರೆ, ಅವುಗಳಿಗೆ ಪರಕೀಯವಾದದ್ದು ಕೆಸರೋ ಆ ಹುಲ್ಲುಹಾಸೋ ಎಂಬ ಅನುಮಾನ ಬರುತ್ತದೆ.

ಇಂಥ ಟ್ರಯಲ್‌ಗಳನ್ನು ನಡೆಸುವ ಬ್ರಿಟನ್ನಿನ ಮೋಟಾರ್ ಸೈಕ್ಲಿಂಗ್ ಕ್ಲಬ್ ಹುಟ್ಟಿದ್ದು 1901ರಲ್ಲಿ. ಆಗ ಮೋಟಾರು ವಾಹನವೆಂದರೆ ಜನಕ್ಕೆ ನಂಬಿಕೆಯಿರಲಿಲ್ಲ, ಹೊರಟದ್ದು ತಲುಪುತ್ತದೆಂಬ ಖಾತ್ರಿಯೂ ಇರಲಿಲ್ಲ. ತಲುಪುತ್ತದೆ ಎಂದು ತೋರಿಸುವುದೇ ಈ ಪರೀಕ್ಷೆಗಳ ಮೂಲ ಉದ್ದೇಶ. 1904ರಲ್ಲಿ ಲಂಡನ್ನಿನಿಂದ ಎಡಿನ್‌ಬರಾಕ್ಕೆ, 1908ರಲ್ಲಿ ಇಂಗ್ಲೆಂಡಿನ ನೈಋತ್ಯದ ತುದಿಯಾದ ಲ್ಯಾಂಡ್ಸ್ ಎಂಡ್‌ಗೆ, 1910ರಲ್ಲಿ ಎಕ್ಸೆಟರ್‌ಗೆ ಓಟಗಳು ಶುರುವಾದವು. ಮೂರೂ ಇಂದಿಗೂ ನಡೆಯುತ್ತಿವೆ, ದಾರಿ ಮಾತ್ರ ಬದಲಾಗಿದೆ. ಹೊಸ ಬೈಕು, ಹೊಸ ಕಾರುಗಳಿಗೂ ಪ್ರವೇಶವುಂಟು. ಕೆಲವದರಲ್ಲಿ ರಾತ್ರಿಯೆಲ್ಲ ಓಡಿಸಿ ಗುಡ್ಡಗಳಿಗೆ ತಲೆ ಕೊಡಬೇಕು. ಒಂದು ಗುಡ್ಡದಲ್ಲೂ ಸೋಲದವರಿಗೆಲ್ಲ ಚಿನ್ನದ ಪದಕ, ಮೊದಲ ಸ್ಥಾನ ಎಂಬುದೇ ಇಲ್ಲ. ಎದುರಾಳಿ ಗುಡ್ಡ, ಪಕ್ಕದ ಕಾರಿನವನಲ್ಲ. ಮೂರಕ್ಕೆ ಮೂರರಲ್ಲೂ ಒಂದೇ ವರ್ಷ ಚಿನ್ನ ಗೆದ್ದವರಿಗೆ ಇನ್ನೊಂದು ವಿಶೇಷ ಪ್ರಶಸ್ತಿ ಕಾದಿರುತ್ತದೆ.

ಲಿಂಟನ್ ಬಳಿಯ ಬೆಗ್ಗರ್ಸ್ ರೂಸ್ಟ್, ಡಾರ್ಟ್‌ಮೂರ್ ಅಂಚಿನ ಸಿಮ್ಸ್ ಹಿಲ್, ಕಾರ್ನ್‌ವಾಲಿನ ಕಡಲಂಚಿನಲ್ಲಿ ಹಳೆಯ ತವರದ ಗಣಿಯ ಪಕ್ಕದ ಬ್ಲೂ ಹಿಲ್ಸ್. ಟ್ರಯಲ್ ಮಂದಿ ಈ ಹೆಸರುಗಳನ್ನು ಹೇಳುವಾಗ ದನಿ ಸ್ವಲ್ಪ ತಗ್ಗುತ್ತದೆ. ಕಡಿದಾದ ಕಡೆ ಮೂರಡಿ ಮುಂದೆ ಹೋದರೆ ಸುಮಾರು ಒಂದಡಿ ಮೇಲೇರಿರುತ್ತೀರಿ. ಇವುಗಳಲ್ಲಿ ಎಷ್ಟೋ ದಾರಿಗಳು ಒಂದು ಕಾಲಕ್ಕೆ ಜನ, ಗಾಡಿ, ಕುದುರೆ ಓಡಾಡಿದ ಸಾಮಾನ್ಯ ರಸ್ತೆಗಳೇ. 1920ರ ದಶಕದ ಕಾರಿನವನು ಸಾಹಸಕ್ಕೆಂದು ರಸ್ತೆ ಬಿಟ್ಟು ಇಳಿಯಬೇಕಿರಲಿಲ್ಲ, ರಸ್ತೆಯೇ ಹಾಗಿತ್ತು. ಡಾಂಬರು ಒಂದೊಂದೇ ಗುಡ್ಡವನ್ನು ನುಂಗುತ್ತ ಬಂದಂತೆ ಸಂಘಟಕರು ಇನ್ನೂ ಕೆಟ್ಟ ದಾರಿ ಹುಡುಕಿಕೊಂಡು ಕಾಡಿನ ಒಳಕ್ಕೆ, ಗಣಿಗಳ ಕಡೆಗೆ ಸರಿದರು. ಕಾರು ರಸ್ತೆ ಬಿಡಲಿಲ್ಲ, ರಸ್ತೆಯೇ ಕಾರನ್ನು ಬಿಟ್ಟುಹೋಯಿತು.

ಹಳೆಯ ಕಾರುಗಳಿಗೆಂದೇ ಇರುವ ಸಂಸ್ಥೆ ಇನ್ನೊಂದು, ವಿಂಟೇಜ್ ಸ್ಪೋರ್ಟ್ಸ್ ಕಾರ್ ಕ್ಲಬ್. 1934ರಲ್ಲಿ ಕೆಲವು ಉತ್ಸಾಹಿಗಳು ಸೇರಿ ಕಟ್ಟಿದ್ದು. ಅವರ ತಕರಾರು ಸ್ವಾರಸ್ಯವಾಗಿದೆ: ಅಂದಿನ ಹೊಸ ಕಾರುಗಳು ಅಗ್ಗದ ಸಾಮೂಹಿಕ ತಯಾರಿಕೆಯಿಂದ ಸತ್ವ ಕಳೆದುಕೊಂಡಿವೆ, ಹತ್ತು ವರ್ಷ ಹಿಂದಿನವೇ ಎಷ್ಟೋ ಮೇಲು! ಕೈಯಲ್ಲಿ ಹೆಚ್ಚು ಕಾಸಿಲ್ಲದ, ಎರಡನೇ ಕೈ ಕಾರು ಕೊಂಡು ಓಡಿಸುವವರ ಕ್ಲಬ್ ಅದು. 1930ರ ಕೊನೆಗೆ ಗೆರೆ ಎಳೆದು, ಅದಕ್ಕಿಂತ ಮುಂಚಿನದಷ್ಟೇ ವಿಂಟೇಜ್ ಎಂದರು. ಇಂದು ಜಗತ್ತಿನ ಎಷ್ಟೋ ಕಡೆ ಹಳೆಯ ಕಾರಿನವರು ಬಳಸುವ ಆ ಗಡಿ ಆಗ ಕೆಲವೇ ವರ್ಷ ಹಳೆಯ ಕಾರುಗಳ ಮಟ್ಟಿಗಿನ ಜಗಳ ಎಂದು ನೆನೆದರೆ ನಗು ಬರುತ್ತದೆ. ಆಮೇಲೆ ಎರಡನೇ ಮಹಾಯುದ್ಧಕ್ಕೆ ಮುಂಚಿನ ಆಯ್ದ ಕಾರುಗಳಿಗೂ ಬಾಗಿಲು ತೆರೆಯಿತು. ಹಾಗಾಗಿ ಎಕ್ಸ್‌ಮೂರ್, ಕಾಟ್ಸ್‌ವೋಲ್ಡ್, ವೇಲ್ಸ್ ಗಡಿಯ ಪ್ರೆಸ್ಟೀನ್, ಲೇಕ್ ಡಿಸ್ಟ್ರಿಕ್ಟ್‌ಗಳ ಕೆಸರಿನಲ್ಲಿ ಈ ಕ್ಲಬ್ ನಡೆಸುವ ಟ್ರಯಲ್‌ಗಳಲ್ಲಿ ಕಾಣುವ ಕಾರುಗಳಿಗೆಲ್ಲ ಎಂಬತ್ತು ದಾಟಿರುತ್ತದೆ. ಲೇಕ್‌ಲ್ಯಾಂಡ್ ಟ್ರಯಲ್‌ನಲ್ಲಿ ಹೊನಿಸ್ಟರ್ ಕಣಿವೆಯ ಸ್ಲೇಟ್ ಕಲ್ಲಿನ ಗಣಿಯ ದಾರಿಯನ್ನೂ ಹತ್ತುತ್ತಾರೆ. ಅಲ್ಲಿ ಕೆಸರಿಲ್ಲ, ಚೂಪು ಚಪ್ಪಡಿ ಕಲ್ಲು. ಟೈರಿಗೆ ಅದು ಇನ್ನೂ ಕೆಟ್ಟದ್ದು.

ಯಾವ ಕಾರು ಹತ್ತುತ್ತದೆ, ಯಾವುದು ಹತ್ತುವುದಿಲ್ಲ ಎಂಬುದರಲ್ಲಿ ಈ ಆಟದ ನಿಜವಾದ ರುಚಿ ಇದೆ.

ಆಸ್ಟಿನ್ ಸೆವೆನ್ ಬಡವರ ಕುದುರೆ. ಕಂಪನಿಯ ಯಜಮಾನ ಹರ್ಬರ್ಟ್ ಆಸ್ಟಿನ್ ತನ್ನ ಮನೆಯ ಬಿಲಿಯರ್ಡ್ಸ್ ಕೋಣೆಯಲ್ಲಿ, ಸ್ಟ್ಯಾನ್ಲಿ ಎಡ್ಜ್ ಎಂಬ ಹದಿನೆಂಟರ ಹುಡುಗನನ್ನು ಕೂರಿಸಿಕೊಂಡು ನಕ್ಷೆ ಮಾಡಿಸಿದ ಕಾರು. 1922ರಲ್ಲಿ ಬಂತು, 1939ರವರೆಗೆ ಸುಮಾರು 2.9 ಲಕ್ಷ ತಯಾರಾದವು. 747 ಸಿಸಿ ಎಂಜಿನ್, ಮೊದಲ ಮಾದರಿಗಳ ತೂಕ 400 ಕಿಲೋಗಿಂತ ಕಡಿಮೆ. ಹಗುರವಾದ್ದರಿಂದ ಕೆಸರಿನಲ್ಲಿ ಸುಲಭಕ್ಕೆ ಹೂತುಹೋಗುವುದಿಲ್ಲ, ಹೂತರೂ ನಾಲ್ಕು ಜನ ಎತ್ತಿಡಬಹುದು. ದೋಷವೂ ಇದೆ. ಅದರ ಕ್ಲಚ್ ಪೆಡಲ್ ಚಲಿಸುವುದು ಕೂದಲೆಳೆಯಷ್ಟು, ಹಿಡಿದರೆ ಹಿಡಿಯಿತು, ಬಿಟ್ಟರೆ ಬಿಟ್ಟಿತು. ಏರಿನ ನಡುವೆ ನಿಂತು ಹೊರಡುವಾಗ ಆ ಕ್ಲಚ್ಚನ್ನು ಪಳಗಿಸುವುದು ವರ್ಷಗಟ್ಟಲೆ ಪಾದಕ್ಕೆ ಅಂಟಿದ ವಿದ್ಯೆ. ಹಳೆಯ ಮಾದರಿಗಳ ಕ್ರ್ಯಾಂಕ್‌ಶಾಫ್ಟ್‌ಗೆ ಎರಡೇ ಮುಖ್ಯ ಬೇರಿಂಗ್, ಹೆಚ್ಚು ಒತ್ತಿದರೆ ನಡುವೆ ಬಾಗುತ್ತದೆ, ಒಂದು ದಿನ ಮುರಿಯುತ್ತದೆ.

ಫೋರ್ಡ್ ಮಾಡೆಲ್ ಟಿ ಬೇರೆಯೇ ಪ್ರಾಣಿ. 1908ರಿಂದ 1927ರವರೆಗೆ ಒಂದೂವರೆ ಕೋಟಿಯಷ್ಟು ತಯಾರಾದ ಈ ಕಾರನ್ನು ಅಮೆರಿಕದ ಹಳ್ಳಿ ರಸ್ತೆಗೆಂದೇ ಎತ್ತರದ ಕಾಲುಗಳ ಮೇಲೆ ನಿಲ್ಲಿಸಿದ್ದರು. ನೆಲದಲ್ಲಿ ಮೂರು ಪೆಡಲ್: ಎಡದ್ದು ಗೇರು, ನಡುವಿನದು ಹಿಮ್ಮುಖಕ್ಕೆ, ಬಲದ್ದು ಬ್ರೇಕು. ಆಕ್ಸಿಲರೇಟರ್ ಕಾಲಿನಲ್ಲಿಲ್ಲ, ಸ್ಟಿಯರಿಂಗ್ ಪಕ್ಕದ ಕೈಕಡ್ಡಿಯಲ್ಲಿ. ಈಗಿನ ಚಾಲಕನನ್ನು ಕೂರಿಸಿದರೆ ಅಂಗಳದಲ್ಲೇ ಗೋಡೆಗೆ ಗುದ್ದುತ್ತಾನೆ. ಪೆಟ್ರೋಲ್ ಟ್ಯಾಂಕು ಸೀಟಿನ ಕೆಳಗಿದ್ದು ಇಂಧನ ತಾನಾಗಿ ಇಳಿದು ಬರಬೇಕು. ಟ್ಯಾಂಕಿನಲ್ಲಿ ತಳಮಟ್ಟವಿದ್ದು ಏರು ಕಡಿದಾಗಿದ್ದರೆ ಎಂಜಿನ್ ಮೇಲಾಗಿ ಪೆಟ್ರೋಲ್ ತಲುಪುವುದಿಲ್ಲ. ಆ ಕಾಲದ ರೈತರು ಇದಕ್ಕೆ ಕಂಡುಕೊಂಡ ಉಪಾಯ, ಗುಡ್ಡವನ್ನು ಹಿಮ್ಮುಖವಾಗಿ ಹತ್ತುವುದು! 1911ರಲ್ಲಿ ಎಡಿನ್‌ಬರಾದ ಫೋರ್ಡ್ ವ್ಯಾಪಾರಿಯ ಮಗ ಹೆನ್ರಿ ಅಲೆಕ್ಸಾಂಡರ್ ಇಂಥದ್ದೇ ಕಾರನ್ನು 1,345 ಮೀಟರ್ ಎತ್ತರದ ಬೆನ್ ನೆವಿಸ್, ಅಂದರೆ ಬ್ರಿಟನ್ನಿನ ಅತಿ ಎತ್ತರದ ಶಿಖರದ ನೆತ್ತಿಗೇ ಓಡಿಸಿದ. ನೂರು ವರ್ಷ ತುಂಬಿದಾಗ, 2011ರಲ್ಲಿ, ಸ್ವಯಂಸೇವಕರು ಒಂದು ಮಾಡೆಲ್ ಟಿಯನ್ನು ಬಿಡಿಬಿಡಿಯಾಗಿ ಹೊತ್ತು ತಂದು ಶಿಖರದಲ್ಲಿ ಜೋಡಿಸಿ ಸಂಭ್ರಮಿಸಿದರು. ಮನುಷ್ಯನನ್ನು ಹೊತ್ತ ಕಾರನ್ನು ಮನುಷ್ಯರೇ ಹೊರುವ ಕಾಲ.

ನನಗೆ ಎಲ್ಲಕ್ಕಿಂತ ಇಷ್ಟ ಫ್ರೇಜರ್ ನ್ಯಾಷ್. ಸಾಮಾನ್ಯ ಕಾರಿನಲ್ಲಿ ಹಿಂದಿನ ಎರಡು ಚಕ್ರಗಳ ನಡುವೆ ಡಿಫರೆನ್ಷಿಯಲ್ ಇರುತ್ತದೆ. ತಿರುವಿನಲ್ಲಿ ಹೊರಗಿನ ಚಕ್ರ ಹೆಚ್ಚು ದೂರ ಓಡಬೇಕಲ್ಲ, ಆ ವ್ಯತ್ಯಾಸವನ್ನು ಅದು ಸರಿದೂಗಿಸುತ್ತದೆ. ಕೆಸರಿನಲ್ಲಿ ಇದೇ ಉಪಕಾರ ಉರುಳಾಗುತ್ತದೆ. ಒಂದು ಚಕ್ರ ಜಾರಿತೋ, ಅದು ಸುಮ್ಮನೆ ಗಿರಗಿರ ತಿರುಗುತ್ತದೆ, ಗಟ್ಟಿ ನೆಲದ ಮೇಲಿರುವ ಇನ್ನೊಂದು ಚಕ್ರ ಅಲ್ಲಾಡದೆ ನಿಂತಿರುತ್ತದೆ. ಆರ್ಚಿಬಾಲ್ಡ್ ಫ್ರೇಜರ್-ನ್ಯಾಷ್ 1920ರ ದಶಕದಲ್ಲಿ ಕಟ್ಟಿದ ಕಾರಿನಲ್ಲಿ ಡಿಫರೆನ್ಷಿಯಲ್ಲೇ ಇಲ್ಲ. ಒಂದೇ ಅಖಂಡ ಅಚ್ಚು, ಒಂದೊಂದು ಗೇರಿಗೆ ಒಂದೊಂದು ಚೈನು, ಬೇಕಾದ ಚೈನಿಗೆ ಹಲ್ಲು ಕಚ್ಚಿಸಿದರೆ ಆಯಿತು. ಎರಡೂ ಚಕ್ರ ಒಟ್ಟಿಗೆ ತಿರುಗಲೇಬೇಕು. ಡಾಂಬರಿನ ತಿರುವಿನಲ್ಲಿ ಮೊಂಡು ಹಿಡಿಯುವ ಈ ಕಾರು ಕೆಸರಿನ ಏರಿನಲ್ಲಿ ರಾಜ. ಚೈನಿನ ಇಂಥ ಕಾರುಗಳು ತಯಾರಾದದ್ದು ಒಟ್ಟು 350ರಷ್ಟು ಮಾತ್ರ. ಅವುಗಳ ಮಾಲೀಕರು ತಮ್ಮನ್ನು ಚೈನ್ ಗ್ಯಾಂಗ್ ಎಂದು ಕರೆದುಕೊಳ್ಳುತ್ತಾರೆ. ಕಾರಿನ ಬೆಲೆ ನಮ್ಮ ಲೆಕ್ಕದಲ್ಲಿ ಕೋಟಿ ದಾಟುತ್ತದೆ. ಆದರೂ ಚೈನಿಗೆ ಗ್ರೀಸು ಬಳಿದು ಕೊಚ್ಚೆಗೆ ಇಳಿಸುತ್ತಾರೆ.

ಯುದ್ಧ ಮುಗಿದ ಮೇಲೂ ಈ ಕೆಸರು ಹೊಸ ಬೀಜಗಳನ್ನು ಮೊಳೆಸಿತು. 1948ರಲ್ಲಿ ಕಾಲಿನ್ ಚಾಪ್ಮನ್ ಎಂಬ ತರುಣ 1928ರ ಹಳೆಯ ಆಸ್ಟಿನ್ ಸೆವೆನ್ ಒಂದನ್ನು ಕಳಚಿ, ಟ್ರಯಲ್‌ಗೆಂದು ಹೊಸ ಮೈ ಕೊಟ್ಟು ಕಟ್ಟಿದ. ಅದೇ ಮೊದಲ ಲೋಟಸ್. ಮುಂದೆ ಫಾರ್ಮುಲಾ ಒನ್‌ನಲ್ಲಿ ಮೆರೆದ ಹೆಸರು ಮೊದಲು ಹತ್ತಿದ್ದು ಇಂಥ ಜಾರುದಾರಿಗಳನ್ನೇ.

ಹಾಳಾಗುವುದಿಲ್ಲವೇ? ಆಗುತ್ತದೆ. ಹಿಂದಿನ ಅಚ್ಚು ತುಂಡಾಗುತ್ತದೆ, ಮಡ್‌ಗಾರ್ಡ್ ಮರಕ್ಕೆ ತಾಗಿ ಮಡಚುತ್ತದೆ, ರೇಡಿಯೇಟರ್ ಸೋರುತ್ತದೆ. ಸೋಮವಾರ ಯಾರೋ ಅದನ್ನು ರಿಪೇರಿ ಮಾಡಬೇಕು. ನನ್ನ ಮಟ್ಟಿಗೆ ವಾದ ಗೆಲ್ಲುವುದು ಇಲ್ಲೇ. ಈ ಕಾರುಗಳ ಬೇರಿಂಗ್‌ಗೆ ವೈಟ್‌ಮೆಟಲ್ ಎಂಬ ಮೆದು ಲೋಹವನ್ನು ಕರಗಿಸಿ ಹೊಯ್ದು, ಕೈಯಿಂದ ಹೆರೆದು ಕೂರಿಸಬೇಕು. ಕಿಡಿ ಹುಟ್ಟಿಸುವ ಮ್ಯಾಗ್ನೆಟೊದ ಸುರುಳಿಯನ್ನು ಮತ್ತೆ ಸುತ್ತಬೇಕು. ಮರದ ಚೌಕಟ್ಟಿಗೆ ತಗಡು ಬಡಿದು ಮೈ ಕಟ್ಟಬೇಕು. ಗಾಜಿನ ಹಿಂದೆ ನಿಂತ ಕಾರಿಗೆ ಇದ್ಯಾವುದೂ ಬೇಡ, ಮೇಣದ ಪಾಲಿಶ್ ಸಾಕು. ಆಸ್ಟಿನ್ ಸೆವೆನ್‌ನ ಕ್ರ್ಯಾಂಕ್‌ಶಾಫ್ಟ್ ಇಂದಿಗೂ ಹೊಸದಾಗಿ ತಯಾರಾಗುತ್ತಿರುವುದು ಯಾರೋ ಅದನ್ನು ಮುರಿಯುತ್ತಿರುವುದರಿಂದ. ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಫಿವಾ ತನ್ನ ಟ್ಯೂರಿನ್ ಸನ್ನದಿನಲ್ಲಿ, ಇಂಥ ವಾಹನಗಳನ್ನು ಓಡಿಸುತ್ತಿರುವುದೂ ಅವನ್ನು ಅರಿಯುವ, ಕಾಪಾಡುವ ಕೆಲಸದ ಭಾಗವೇ ಎಂದು ಒಪ್ಪಿದೆ. ಗುಡ್ಡ ಹತ್ತಿಸಿ ಎಂದು ಅದು ಹೇಳಿಲ್ಲ, ಅಷ್ಟು ಮಟ್ಟಿಗೆ ಚೈನ್ ಗ್ಯಾಂಗಿನವರ ಉತ್ಸಾಹ ಅವರದ್ದೇ.

ಹಾಗೆಂದು ಎಲ್ಲ ಕಾರುಗಳನ್ನೂ ಕೆಸರಿಗೆ ತಳ್ಳಬೇಕೆಂದಲ್ಲ. ಕಾರ್ಖಾನೆಯ ಮೊದಲ ಬಣ್ಣ, ಮೊದಲ ಚರ್ಮ, ಮೊದಲ ಹೊಲಿಗೆ ಹಾಗೇ ಉಳಿದ ಒಂದೊಂದು ಕಾರು ಬರೆದಿಟ್ಟ ದಾಖಲೆಯಂತೆಯೇ, ಒಮ್ಮೆ ಅಳಿಸಿದರೆ ಮತ್ತೆ ಬರುವುದಿಲ್ಲ. ಅಂಥದ್ದು ಮ್ಯೂಸಿಯಮ್ಮಿನಲ್ಲೇ ಇರಲಿ. ಟ್ರಯಲ್‌ನಲ್ಲಿ ಕಾಣುವ ಬಹುಪಾಲು ಕಾರುಗಳು ಹೇಗೂ ಮೂರು ಕಾರುಗಳ ಭಾಗ ಸೇರಿ ಒಂದಾದವು.

ನಮ್ಮ ದೇಶದಲ್ಲಿ ಇದಕ್ಕೆ ಹತ್ತಿರದ್ದು ಹುಡುಕಿದರೆ ಸಿಗುವುದು ಕ್ಲಬ್ಬುಗಳಲ್ಲಿ ಅಲ್ಲ, ಹೊಟ್ಟೆಪಾಡಿನಲ್ಲಿ. ಡಾರ್ಜಿಲಿಂಗ್ ಬಳಿಯ ಮಾನೇಭಂಜನ್‌ನಿಂದ 3,636 ಮೀಟರ್ ಎತ್ತರದ ಸಂದಕ್‌ಫು ಶಿಖರಕ್ಕೆ 31 ಕಿಲೋಮೀಟರ್ ದಾರಿ. ಚಹಾ ತೋಟದವರಿಂದ ಕೈಬದಲಾಗಿ ಬಂದ 1950ರ ದಶಕದ ಲ್ಯಾಂಡ್ ರೋವರ್‌ಗಳು ಈ ದಾರಿಯಲ್ಲಿ ದಶಕಗಳಿಂದ ಪ್ರವಾಸಿಗರನ್ನೂ ಅಕ್ಕಿ ಮೂಟೆಗಳನ್ನೂ ಹೊತ್ತಿವೆ. ಕೆಲವಕ್ಕೆ ಎಂಜಿನ್ ಬದಲಾಗಿದೆ, ಬದಲಾಗದ ಬೋಲ್ಟು ಕಡಿಮೆ. ಮಡಿಕೇರಿಯಿಂದ ಮಾಂದಲಪಟ್ಟಿಗೆ ಹೋದವರಿಗೂ ಹಳೆಯ ಜೀಪುಗಳ ಪರಿಚಯ ಇದ್ದೇ ಇರುತ್ತದೆ, ಸೊಂಟಕ್ಕಂತೂ ಚೆನ್ನಾಗಿಯೇ. ಅಲ್ಲಿನ ಚಾಲಕರನ್ನು ಯಾರೂ ಪರಂಪರೆಯ ರಕ್ಷಕರೆಂದು ಕರೆದಿಲ್ಲ, ಕರೆದರೂ ಬಾಡಿಗೆ ಎಷ್ಟು ಜಾಸ್ತಿ ಸಿಗುತ್ತದೆಂದು ಕೇಳಿಯಾರು.

ಬ್ರಿಟನ್ನಿನ ಟ್ರಯಲ್‌ಗಳಿಗೆ ಈಗಿರುವ ತೊಂದರೆ ಕಾರಿನದ್ದಲ್ಲ, ನೆಲದ್ದು. ನಲವತ್ತು ವರ್ಷ ದಾಟಿದ, ಹೆಚ್ಚು ಮಾರ್ಪಾಡಾಗದ ಕಾರುಗಳಿಗೆ 2018ರಿಂದ ವಾರ್ಷಿಕ ತಪಾಸಣೆಯಿಂದ ವಿನಾಯಿತಿ ಇದೆ. ಆದರೆ 2006ರ ಒಂದು ಕಾಯ್ದೆ ಎಷ್ಟೋ ಹಳೆಯ ಮಣ್ಣುದಾರಿಗಳಲ್ಲಿ ಮೋಟಾರು ಓಡಿಸುವ ಹಕ್ಕನ್ನೇ ತೆಗೆದುಹಾಕಿತು. ನಡೆದು ಹೋಗುವವರು, ಕುದುರೆ ಸವಾರರು, ಪರಿಸರದವರು ಕೇಳುವುದೂ ತಪ್ಪಲ್ಲ: ಒದ್ದೆ ನೆಲದಲ್ಲಿ ನೂರು ಕಾರು ಹತ್ತಿದರೆ ಬೀಳುವ ಗಾಯ ಬೇಗ ಮಾಯುವುದಿಲ್ಲ. ಹೀಗಾಗಿ ಗುಡ್ಡಗಳ ಆಯ್ಕೆ ಈಗ ಹೆಚ್ಚುಹೆಚ್ಚಾಗಿ ಜಮೀನಿನ ಒಡೆಯರ ಮರ್ಜಿಯ ಮೇಲೆ ನಿಂತಿದೆ. ಸಂಘಟಕರು ತಿಂಗಳುಗಟ್ಟಲೆ ಮುಂಚೆ ರೈತರ ಮನೆಬಾಗಿಲಿಗೆ ಅಲೆಯುತ್ತಾರೆ. ಒಪ್ಪಿದ ರೈತ ಟ್ರಯಲ್ ದಿನ ತನ್ನ ಟ್ರಾಕ್ಟರನ್ನೂ ತಂದು ನಿಲ್ಲಿಸಿದರೆ ಎರಡು ಲಾಭ: ಹೂತ ಕಾರು ಎಳೆಯಲು ಒಂದು, ಕೊನೆಗೆ ಕೆದರಿದ ದಾರಿ ಸಮ ಮಾಡಲು ಇನ್ನೊಂದು.

ಇಂಗ್ಲೆಂಡಿನಲ್ಲಿರುವ ಕನ್ನಡಿಗರಿಗೆ ಇದನ್ನು ನೋಡುವುದು ಕಷ್ಟವಲ್ಲ. ಎಕ್ಸೆಟರ್ ಟ್ರಯಲ್ ಜನವರಿಯಲ್ಲಿ, ಲ್ಯಾಂಡ್ಸ್ ಎಂಡ್ ಈಸ್ಟರ್ ವಾರಾಂತ್ಯದಲ್ಲಿ. ಬ್ಲೂ ಹಿಲ್ಸ್‌ನ ಇಳಿಜಾರಿನಲ್ಲಿ ಜನ ಸೇರುತ್ತಾರೆ, ಕಡಲ ಗಾಳಿ ಜೋರು. ಮೊಣಕಾಲವರೆಗಿನ ಬೂಟು ಹಾಕಿಕೊಳ್ಳಿ, ಗೂಟಗಳ ಒಳಬದಿಗೆ ಮಾತ್ರ ನಿಲ್ಲಬೇಡಿ.